ವೈರಸ್ ಸೋಂಕೂ ಪ್ರೋಟೀನುಗಳ ಮಾರ್ಪಾಟೂ: ಒಂದು ಶೋಧದ ಚರಿತ್ರೆ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಿಡಿಯುವ ಹಾದಿ ಒಂದುಂಟು. ಒಬ್ಬ ವಿದ್ವಾಂಸನು ಒಂದು ವಸ್ತುವನ್ನು ಕಂಡುಹಿಡಿದನು, ಮತ್ತೊಬ್ಬನು ಅದನ್ನು ಶುದ್ಧಗೊಳಿಸಿದನು, ಮೂರನೆಯವನು ಅದರಿಂದ ಔಷಧವನ್ನು ತಯಾರಿಸಿದನು ಎಂದು ಕ್ರಮವಾಗಿ ಹೇಳಿಕೊಂಡು ಹೋಗುವುದೇ ಆ ಹಾದಿ. ವೈರಸ್ಸಿನ ಸೋಂಕನ್ನು ದೇಹವು ಎದುರಿಸುವ ಬಗೆಯನ್ನು ಕುರಿತ ಚರಿತ್ರೆಯನ್ನೂ ಬಹುಮಟ್ಟಿಗೆ ಹೀಗೆಯೇ ಬರೆಯಲಾಗಿದೆ. ಆದರೆ ಕಳೆದ ಸುಮಾರು ಎಪ್ಪತ್ತು ವರ್ಷಗಳ ಮುಖ್ಯ ಪ್ರಬಂಧಗಳನ್ನು ಕಾಲಕ್ರಮದಲ್ಲಿ ಇಟ್ಟುಕೊಂಡು ಓದಿದಾಗ ನಮಗೆ ಕಂಡ ಚಿತ್ರ ಬೇರೆ. ಸೋಂಕು ತಗಲಿದ ಜೀವಕೋಶವು ಮೊದಲ ನಿಮಿಷಗಳಲ್ಲಿ ಹೊಸ ವಸ್ತುಗಳ ತಯಾರಿಕೆಗೆ ಕೈಹಾಕುವುದಿಲ್ಲ. ತನ್ನಲ್ಲಿ ಮೊದಲೇ ಇರುವ ಪ್ರೋಟೀನುಗಳ ಮೇಲೆ ಸಣ್ಣ ಗುರುತುಗಳನ್ನು ಇಡುತ್ತದೆ, ಇಟ್ಟ ಗುರುತುಗಳನ್ನು ಅಳಿಸುತ್ತದೆ. ಈ ಗುರುತುಗಳನ್ನು ಮೊದಲು ಕಂಡವರಾದರೋ ವೈರಸ್ಸನ್ನು ಕುರಿತು ಯೋಚಿಸುತ್ತಿದ್ದವರೇ ಅಲ್ಲ. ಒಬ್ಬರು ಮೊಲದ ಸ್ನಾಯುವಿನಲ್ಲಿ ಸಕ್ಕರೆಯ ಲೆಕ್ಕವನ್ನು ನೋಡುತ್ತಿದ್ದರು. ಮತ್ತೊಬ್ಬರು ಹಳೆಯ ಪ್ರೋಟೀನುಗಳು ಹೇಗೆ ನಾಶವಾಗುತ್ತವೆಂದು ಕೇಳುತ್ತಿದ್ದರು. ವೈರಸ್ ತಜ್ಞರು ಹೊಸ ವಸ್ತುವೊಂದರ ಬೆನ್ನು ಹತ್ತಿದ್ದ ಎರಡು ದಶಕಗಳ ಕಾಲ ಉತ್ತರದ ಅರ್ಧಭಾಗ ಪಕ್ಕದ ಶಾಸ್ತ್ರದಲ್ಲಿ ಬಿದ್ದಿತ್ತು. ಇದು ಹೇಗಾಯಿತೆಂಬುದೇ ಪ್ರಕೃತ ಲೇಖನದ ವಿಷಯ.

ನಾವು ಪ್ರಯೋಗಾಲಯದವರಲ್ಲ, ಇತಿಹಾಸದ ಅಧ್ಯಾಪಕರು. ಆದುದರಿಂದ ನಮ್ಮ ಶಾಸ್ತ್ರದ ಒಂದು ಉದಾಹರಣೆಯಿಂದಲೇ ವಿಷಯವನ್ನು ತಿಳಿಯಪಡಿಸುವುದು ಸುಲಭ. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ವಂಶಾವಳಿ, ದಾನದ ವಿವರ ಮೊದಲಾದುವು ಸಾಮಾನ್ಯವಾಗಿ ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವು ಕನ್ನಡ ಅಕ್ಷರಗಳಲ್ಲಿರುತ್ತದೆ. ಬರಹವೆಲ್ಲ ಸಿದ್ಧವಾಗಿದ್ದರೂ ಅಂಕಿತ ಬೀಳುವತನಕ ಅದು ಆಜ್ಞೆಯಾಗದು. ಪ್ರೋಟೀನೂ ಹಾಗೆಯೇ. ಅಮೈನೋ ಆಮ್ಲಗಳು ಸರಪಣಿಯಂತೆ ಕೂಡಿ ಪ್ರೋಟೀನು ಸಿದ್ಧವಾದ ಮೇಲೆ, ಕೆಲವೇ ಪರಮಾಣುಗಳ ಫಾಸ್ಫೇಟು ಗುಂಪೊಂದು ಅದರ ಮೇಲೆ ಒಂದೆಡೆ ಬಂದು ಕೂಡಬಹುದು; ಅಥವಾ ಮತ್ತೊಂದು ಸಣ್ಣ ಪ್ರೋಟೀನೇ ಬಂದು ಅಂಟಬಹುದು. ಇದರಿಂದ ಅದರ ನಡತೆ ಬದಲಾಗುತ್ತದೆ. ಇದನ್ನೇ ಪ್ರೋಟೀನಿನ ಮಾರ್ಪಾಟು ಎನ್ನುತ್ತಾರೆ. ಆದರೆ ಹೋಲಿಕೆ ಒಂದೆಡೆ ನಿಂತುಹೋಗುತ್ತದೆ: ಅರಸನ ಅಂಕಿತ ತಾಮ್ರದ ಮೇಲೆ ಶಾಶ್ವತವಾದುದು, ಜೀವಕೋಶದ ಅಂಕಿತವೋ ಕ್ಷಣದಲ್ಲಿ ಬಂದು ಕ್ಷಣದಲ್ಲಿ ಅಳಿಸಿಹೋಗಬಲ್ಲುದು. ಅದನ್ನು ಬರೆಯುವುದಕ್ಕೆ ಒಂದು ಕಿಣ್ವ, ಅಳಿಸುವುದಕ್ಕೆ ಮತ್ತೊಂದು ಕಿಣ್ವ.

ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಆಲಿಕ್ ಐಸಾಕ್ಸ್ ಎಂಬವರು ಇನ್‌ಫ್ಲುಯೆಂಜಾ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದರು. ೧೯೫೬ರಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮಾನ್ ಅಲ್ಲಿಗೆ ಬಂದು ಸೇರಿದರು. ಒಂದು ವೈರಸ್ಸು ತಗಲಿದ ಪ್ರಾಣಿಗೆ ಮತ್ತೊಂದು ವೈರಸ್ಸು ಸುಲಭವಾಗಿ ತಗಲುವುದಿಲ್ಲವೆಂಬುದು ಆಗಲೇ ಎರಡು ದಶಕಗಳಿಂದ ತಿಳಿದಿತ್ತು. ಕಾರಣ ಮಾತ್ರ ತಿಳಿದಿರಲಿಲ್ಲ. ಇವರಿಬ್ಬರೂ ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳನ್ನು ದ್ರವದಲ್ಲಿಟ್ಟು, ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಅವಕ್ಕೆ ತಗಲಿಸಿದರು. ಬಳಿಕ ಆ ಚೂರುಗಳನ್ನು ತೆಗೆದುಹಾಕಿ, ಉಳಿದ ದ್ರವದಲ್ಲಿ ಹೊಸ ಪೊರೆಯ ಚೂರುಗಳನ್ನು ಇಟ್ಟು, ಜೀವಂತ ವೈರಸ್ಸನ್ನು ತಗಲಿಸಿದಾಗ ಅದು ಬೆಳೆಯಲಿಲ್ಲ. ಮೊದಲ ಚೂರುಗಳಿಂದ ಏನೋ ಒಂದು ವಸ್ತು ದ್ರವಕ್ಕೆ ಬಂದಿರಬೇಕೆಂದು ಊಹಿಸಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟು, ೧೯೫೭ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಎರಡು ಪ್ರಬಂಧಗಳನ್ನು ಪ್ರಕಟಿಸಿದರು.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇಂಟರ್‌ಫೆರಾನಿನ ಚರಿತ್ರೆ ಇಲ್ಲಿಂದಲೇ ಆರಂಭವಾಗುವುದನ್ನು ನಾವು ನೋಡಿದ್ದೇವೆ. ಅದು ವಿದ್ಯಾರ್ಥಿಗಳ ತಪ್ಪಲ್ಲ, ಪಠ್ಯಗಳ ತಪ್ಪು. ಮೂರು ವರ್ಷಗಳಷ್ಟು ಮುಂಚೆ, ೧೯೫೪ರಲ್ಲಿ, ತೋಕಿಯೋ ನಗರದಲ್ಲಿ ಯಾಸುಇಚಿ ನಾಗಾನೊ ಮತ್ತು ಯಾಸುಹಿಕೊ ಕೊಜಿಮಾ ಎಂಬಿಬ್ಬರು ಮೊಲಗಳ ಚರ್ಮದಲ್ಲಿ ದೇವಿಹಾಕುವ ವೈರಸ್ಸಿನೊಡನೆ ಪ್ರಯೋಗಮಾಡಿ, ವೈರಸ್ಸನ್ನು ತಡೆಯುವ ವಸ್ತುವೊಂದು ಅಂಗಾಂಶದಲ್ಲಿ ಉಂಟಾಗುವುದೆಂದು ವರದಿಮಾಡಿದ್ದರು. ಆ ವರದಿ ಪ್ಯಾರಿಸಿನ ಪತ್ರಿಕೆಯೊಂದರಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಓದುವವರ ಗಮನಕ್ಕೆ ಅದು ಬಹುಕಾಲ ಬೀಳಲಿಲ್ಲ. ಜೊತೆಗೆ ಅವರು ತಮ್ಮ ವಸ್ತುವಿಗೆ ‘ತಡೆಯುವ ಅಂಶ’ ಎಂಬ ಸಾಮಾನ್ಯ ಹೆಸರನ್ನಷ್ಟೆ ಕೊಟ್ಟಿದ್ದರು. ಹೆಸರಿನ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಐಸಾಕ್ಸ್ ಮತ್ತು ಲಿಂಡೆನ್‌ಮಾನ್ ಅವರ ಪ್ರಯೋಗ ಹೆಚ್ಚು ಸ್ಪಷ್ಟವಾಗಿತ್ತೆಂಬುದು ನಿಜವೇ. ಆದರೂ ಚರಿತ್ರಕಾರನು ೧೯೫೪ನ್ನು ಬಿಟ್ಟು ೧೯೫೭ರಿಂದ ಲೆಕ್ಕ ಹಾಕುವುದು ನ್ಯಾಯವಲ್ಲ.

ಇಂಟರ್‌ಫೆರಾನಿಗೆ ಕೂಡಲೇ ಮನ್ನಣೆ ದೊರೆತುದೂ ಇಲ್ಲ. ಅದು ದ್ರವದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತಿತ್ತು. ಶುದ್ಧಗೊಳಿಸಲು ಹೊರಟವರ ಕೈಗೆ ಸಿಕ್ಕದು. ಅಮೆರಿಕದ ಕೆಲವು ವಿದ್ವಾಂಸರು ಅದು ಬರಿಯ ಕಲ್ಪನೆಯೆಂಬ ಅರ್ಥ ಬರುವಂತೆ ಹೆಸರನ್ನೇ ತಿರುಚಿ ಹಾಸ್ಯಮಾಡಿದರು. ಐಸಾಕ್ಸ್ ೧೯೬೭ರಲ್ಲಿ, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ತೀರಿಕೊಂಡರು. ವಸ್ತುವು ಶುದ್ಧರೂಪದಲ್ಲಿ ದೊರೆತುದು ೧೯೭೦ರ ದಶಕದ ಕೊನೆಗೆ. ಈ ಇಪ್ಪತ್ತು ವರ್ಷಗಳೂ ಎಲ್ಲರ ಗಮನ ‘ವಸ್ತು ಯಾವುದು?’ ಎಂಬ ಪ್ರಶ್ನೆಯ ಮೇಲೆಯೇ ನೆಟ್ಟಿತ್ತು. ಇಂಟರ್‌ಫೆರಾನ್ ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ, ನೆರೆಯ ಜೀವಕೋಶಕ್ಕೆ ಎಚ್ಚರಿಕೆಯನ್ನು ಮುಟ್ಟಿಸುತ್ತದೆ ಅಷ್ಟೆ ಎಂಬುದು ಬಹುಬೇಗ ತಿಳಿದಿತ್ತು. ಎಚ್ಚರಿಕೆ ಹೊರಬಾಗಿಲಿಗೆ ಬಂದ ಮೇಲೆ ಒಳಗೆ ಏನಾಗುತ್ತದೆ? ಈ ಪ್ರಶ್ನೆಗೆ ಬೇಕಾದ ಸಾಮಗ್ರಿ ಇನ್ನೊಂದೆಡೆ ಸಿದ್ಧವಾಗುತ್ತಿತ್ತು.

ಅಮೆರಿಕದ ಸಿಯಾಟ್ಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬಿಬ್ಬರು, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವವನ್ನು ಪರೀಕ್ಷಿಸುತ್ತಿದ್ದರು. ಈ ಕಿಣ್ವಕ್ಕೆ ಎರಡು ರೂಪಗಳುಂಟು, ಒಂದು ಚುರುಕು, ಮತ್ತೊಂದು ಮಂದ ಎಂಬುದನ್ನು ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳು ಮೊದಲೇ ತೋರಿಸಿದ್ದರು. ಕೋರಿಯವರ ವಿಧಾನದಂತೆ ಮೊಲದ ಸ್ನಾಯುರಸವನ್ನು ಸೋಸುಕಾಗದದಲ್ಲಿ ಸೋಸಿದಾಗ ಚುರುಕಾದ ರೂಪ ದೊರೆಯುತ್ತಿತ್ತು. ಕಾಗದವನ್ನು ಬಿಟ್ಟು ಯಂತ್ರದಲ್ಲಿ ತಿರುಗಿಸಿ ತಿಳಿಗೊಳಿಸಿದರೆ ಮಂದವಾದ ರೂಪವೇ ಉಳಿಯುತ್ತಿತ್ತು! ಬಹಳ ಶೋಧಿಸಿದ ಮೇಲೆ ತಿಳಿದುದು, ಕಾಗದದಲ್ಲಿ ಕಲ್ಮಷವಾಗಿ ಸೇರಿದ್ದ ಅಲ್ಪ ಕ್ಯಾಲ್ಸಿಯಂ ಇನ್ನೊಂದು ಕಿಣ್ವವನ್ನು ಎಚ್ಚರಗೊಳಿಸುತ್ತಿತ್ತು. ಆ ಕಿಣ್ವವು ಫಾಸ್ಫೊರಿಲೇಸಿನ ಮೇಲೆ ಫಾಸ್ಫೇಟು ಗುಂಪನ್ನು ಕೂಡಿಸುತ್ತಿತ್ತು. ೧೯೫೫ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಪ್ರೋಟೀನುಗಳಲ್ಲಿ ಫಾಸ್ಫೇಟು ಇರುವುದು ಹೊಸ ಸಂಗತಿಯಾಗಿರಲಿಲ್ಲ. ಮೊಟ್ಟೆಯ ಹಳದಿಯ ಪ್ರೋಟೀನಿನಲ್ಲಿ ಅದನ್ನು ೧೯೦೬ರಲ್ಲೇ ಫೀಬಸ್ ಲೆವೀನ್ ಕಂಡಿದ್ದರು. ಆದರೆ ಅದೊಂದು ಆಹಾರಸಂಗ್ರಹವೆಂಬ ಭಾವನೆಯಿತ್ತು. ಅದೇ ಫಾಸ್ಫೇಟು ಒಂದು ಪ್ರೋಟೀನಿಗೆ ‘ಕೆಲಸಕ್ಕೆ ತೊಡಗು’ ಎಂಬ ಅಪ್ಪಣೆಯಾಗಬಲ್ಲುದೆಂಬುದು ಫಿಷರ್ ಮತ್ತು ಕ್ರೆಬ್ಸ್ ಅವರು ತಂದ ಹೊಸ ಅರ್ಥ. ನೊಬೆಲ್ ಬಹುಮಾನ ಅವರಿಗೆ ಬಂದುದು ೧೯೯೨ರಲ್ಲಿ. ಮೂವತ್ತೇಳು ವರ್ಷಗಳ ಈ ಅಂತರವನ್ನು ತೀರ್ಪುಗಾರರ ಆಲಸ್ಯವೆಂದು ನಾವು ಎಣಿಸುವುದಿಲ್ಲ. ೧೯೫೫ರಲ್ಲಿ ಅದು ಸಕ್ಕರೆಯ ಲೆಕ್ಕದ ಒಂದು ವಿವರ ಮಾತ್ರವಾಗಿತ್ತು. ಅದು ಜೀವಕೋಶದ ಆಡಳಿತಭಾಷೆಯೆಂದು ತಿಳಿಯುವುದಕ್ಕೆ ಅಷ್ಟು ಕಾಲ ಹಿಡಿಯಿತು.

೧೯೫೪, ೧೯೫೫, ೧೯೫೭: ಎರಡು ವಿಷಯಗಳ ಬುನಾದಿಗಳೂ ನಾಲ್ಕು ವರ್ಷಗಳೊಳಗೆ ಬಿದ್ದಿವೆ. ಆದರೂ ಅವು ಒಂದನ್ನೊಂದು ಸಂಧಿಸಿದುದು ೧೯೭೦ರ ದಶಕದ ಮಧ್ಯಭಾಗದಲ್ಲಿ. ಇಂಟರ್‌ಫೆರಾನ್ ಸೋಕಿಸಿದ ಜೀವಕೋಶಗಳನ್ನು ಅರೆದು ತೆಗೆದ ರಸಕ್ಕೆ, ವೈರಸ್ಸುಗಳು ಬೆಳೆಯುವಾಗ ಹುಟ್ಟುವಂಥ ಎರಡೆಳೆಯ ಆರ್.ಎನ್.ಎ.ಯನ್ನು ಸೇರಿಸಿದರೆ ಅದರಲ್ಲಿ ಪ್ರೋಟೀನು ತಯಾರಿಕೆ ನಿಂತುಹೋಗುತ್ತದೆಂದು ಲಂಡನ್ನಿನಲ್ಲಿ ಇಯಾನ್ ಕರ್ ಮತ್ತು ಅವರ ಜೊತೆಗಾರರು ಕಂಡಿದ್ದರು. ಅವರೂ, ಅಮೆರಿಕ ಮತ್ತು ಇಸ್ರೇಲ್ ದೇಶಗಳ ಇತರರೂ ಹುಡುಕುತ್ತ ಹೋದಂತೆ ಸಿಕ್ಕಿದುದು ಫಾಸ್ಫೇಟು ಇಡುವ ಒಂದು ಕಿಣ್ವ. ಅದು ಎರಡೆಳೆಯ ಆರ್.ಎನ್.ಎ.ಯನ್ನು ಮುಟ್ಟಿದೊಡನೆ ಮೊದಲು ತನ್ನ ಮೇಲೆ ತಾನೇ ಗುರುತಿಟ್ಟುಕೊಳ್ಳುತ್ತದೆ. ಅನಂತರ, ಪ್ರೋಟೀನು ತಯಾರಿಕೆಯನ್ನು ಆರಂಭಿಸಿಕೊಡುವ ಒಂದು ಅಂಶದ ಮೇಲೆ ಗುರುತಿಡುತ್ತದೆ. ಆ ಗುರುತು ಬಿದ್ದರೆ ಕಾರ್ಖಾನೆ ನಿಲ್ಲುತ್ತದೆ. ವೈರಸ್ಸಿಗೆ ಸ್ವಂತ ಕಾರ್ಖಾನೆಯಿಲ್ಲ, ಅದು ಜೀವಕೋಶದ ಯಂತ್ರಗಳಿಂದಲೇ ತನ್ನ ಪ್ರೋಟೀನುಗಳನ್ನು ಮಾಡಿಸಿಕೊಳ್ಳಬೇಕು. ಆದಕಾರಣ ಜೀವಕೋಶವು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸಿಯಾಟ್ಲಿನಲ್ಲಿ ಫಾಸ್ಫೇಟು ‘ತೊಡಗು’ ಎಂದಿತ್ತು, ಇಲ್ಲಿ ಅದೇ ಫಾಸ್ಫೇಟು ‘ನಿಲ್ಲು’ ಎನ್ನುತ್ತದೆ. ಗುರುತಿಗೆ ತನ್ನದೇ ಆದ ಅರ್ಥವಿಲ್ಲ, ಅದು ಬಿದ್ದ ಸ್ಥಳವೇ ಅರ್ಥವನ್ನು ಕೊಡುತ್ತದೆ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಮುಂದಿನ ಹೆಜ್ಜೆಗೆ ಕಾರಣವಾದುದು ಇನ್ನೊಂದು ಆಕಸ್ಮಿಕ. ಫಾಸ್ಫೇಟು ಪ್ರೋಟೀನಿನ ಎರಡು ಬಗೆಯ ಅಮೈನೋ ಆಮ್ಲಗಳ ಮೇಲೆ ಮಾತ್ರ ಕೂಡುತ್ತದೆಂದು ಅದುವರೆಗೆ ಎಣಿಸಲಾಗಿತ್ತು. ೧೯೭೯ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಅವರು ಗೆಡ್ಡೆಗಳನ್ನುಂಟುಮಾಡುವ ಒಂದು ವೈರಸ್ಸಿನ ಪ್ರೋಟೀನನ್ನು ಪರೀಕ್ಷಿಸುವಾಗ, ಹೊಸ ದ್ರಾವಣವನ್ನು ತಯಾರಿಸಲು ಬೇಸರಪಟ್ಟು ಹಳೆಯದನ್ನೇ ಬಳಸಿದರು. ಹಳೆಯ ದ್ರಾವಣದ ಆಮ್ಲೀಯತೆ ತುಸು ಬದಲಾಗಿತ್ತು. ಅದರಿಂದಾಗಿ, ಅದುವರೆಗೆ ಒಂದರೊಡನೊಂದು ಬೆರೆತು ಒಂದೇ ಎಂದು ತೋರುತ್ತಿದ್ದ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಂಡವು. ಹೊಸ ಚುಕ್ಕೆ ಟೈರೋಸಿನ್ ಎಂಬ ಮೂರನೆಯ ಅಮೈನೋ ಆಮ್ಲದ ಮೇಲಿನ ಫಾಸ್ಫೇಟು. ಇಂಟರ್‌ಫೆರಾನಿನ ಪ್ರಶ್ನೆಗೆ ಉತ್ತರ ಈ ಮೂರನೆಯದರಲ್ಲಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೇಮ್ಸ್ ಡಾರ್ನೆಲ್ ಮತ್ತು ಸಂಗಡಿಗರು ೧೯೯೨ರಲ್ಲಿ ಅದನ್ನು ತೋರಿಸಿಕೊಟ್ಟರು. ಜೀವಕೋಶದ ಹೊರಮೈಗೆ ಇಂಟರ್‌ಫೆರಾನ್ ತಗಲಿದ ಕೆಲವೇ ನಿಮಿಷಗಳಲ್ಲಿ, ಒಳಗೆ ಸುಮ್ಮನಿದ್ದ ಪ್ರೋಟೀನೊಂದರ ಟೈರೋಸಿನ್ ಮೇಲೆ ಫಾಸ್ಫೇಟು ಕೂಡುತ್ತದೆ; ಕೂಡಿದೊಡನೆ ಅದು ಕೋಶಕೇಂದ್ರವನ್ನು ಹೊಕ್ಕು ನೂರಾರು ಜೀನುಗಳನ್ನು ಎಚ್ಚರಿಸುತ್ತದೆ. ಗುರುತನ್ನಿಡುವ ಕಿಣ್ವಗಳಿಗೆ ಜಾಕ್ ಎಂದು ಹೆಸರು. ಆ ಹೆಸರನ್ನು ಮೊದಲು ಇಟ್ಟಾಗ ಇಂಗ್ಲಿಷಿನಲ್ಲಿ ಅದರ ವಿಸ್ತಾರ ‘ಇನ್ನೂ ಒಂದು ಕಿಣ್ವ, ಅಷ್ಟೆ’ ಎಂಬರ್ಥದ ಮಾತು. ಅವುಗಳ ಮಹತ್ವ ತಿಳಿದ ಮೇಲೆ, ರೋಮನ್ನರ ಎರಡು ಮುಖದ ದೇವತೆ ಜಾನುಸನ ಹೆಸರಿನಿಂದ ಬಂದುದೆಂದು ಗೌರವದ ವಿವರಣೆ ಹುಟ್ಟಿಕೊಂಡಿತು. ವಂಶಾವಳಿಗಳು ಹೀಗೆಯೇ ಬೆಳೆಯುತ್ತವೆ!

ಇದೇ ಕಾಲದ ಇನ್ನೊಂದು ಶೋಧವನ್ನು ಇಲ್ಲಿ ಹೇಳಬೇಕು. ೧೯೮೬ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಡೇವಿಡ್ ಬಾಲ್ಟಿಮೋರ್ ಅವರೊಡನೆ ಕೆಲಸ ಮಾಡುತ್ತಿದ್ದ ರಂಜನ್ ಸೇನ್ ಅವರು, ರೋಗನಿರೋಧಕ ಜೀನುಗಳ ಮೇಲೆ ಬಂದು ಕೂರುವ ಪ್ರೋಟೀನೊಂದನ್ನು ಕಂಡರು. ಎನ್.ಎಫ್. ಕಪ್ಪಾ ಬಿ ಎಂದು ಅದರ ಹೆಸರು. ಅದೇ ವರ್ಷದ ಅವರ ಎರಡನೆಯ ಪ್ರಬಂಧವೇ ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು. ಹೊಸ ಪ್ರೋಟೀನಿನ ತಯಾರಿಕೆಯನ್ನು ಔಷಧದಿಂದ ಪೂರ್ತಿ ತಡೆದರೂ ಈ ಅಂಶವು ಎಚ್ಚರಗೊಳ್ಳುತ್ತಿತ್ತು. ಎಂದಮೇಲೆ ಅದು ಮೊದಲೇ ಅಲ್ಲಿತ್ತು, ಯಾರೋ ಅದನ್ನು ಕಟ್ಟಿಹಾಕಿದ್ದರು. ಕಟ್ಟಿಹಾಕಿದ್ದ ಪ್ರೋಟೀನು ಎರಡು ವರ್ಷಗಳ ಬಳಿಕ ಸಿಕ್ಕಿತು. ಅದರ ಮೇಲೆ ಮೊದಲು ಫಾಸ್ಫೇಟು, ಆಮೇಲೆ ಇನ್ನೊಂದು ಗುರುತು ಬಿದ್ದು, ಅದು ನಾಶವಾಗಿ, ಸೆರೆಯಲ್ಲಿದ್ದುದು ಬಿಡುಗಡೆಯಾಗುತ್ತದೆಂಬುದು ೧೯೯೦ರ ದಶಕದ ಮಧ್ಯಕ್ಕೆ ನಿಶ್ಚಯವಾಯಿತು.

ಇಷ್ಟು ಕಾಲ ಈ ಗುರುತುಗಳು ಏಕೆ ಕಣ್ಣಿಗೆ ಬೀಳಲಿಲ್ಲ? ಆ ಕಾಲದ ವಿಧಾನವೇ ಒಂದು ಕಾರಣವೆಂದು ನಮಗೆ ತೋರುತ್ತದೆ. ಜೀವರಸಾಯನಶಾಸ್ತ್ರದಲ್ಲಿ ಶುದ್ಧೀಕರಣವೇ ಪರಮಧರ್ಮವಾಗಿತ್ತು. ಆದರೆ ಜೀವಕೋಶಗಳನ್ನು ಅರೆದಾಗ ಗುರುತುಗಳನ್ನು ಅಳಿಸುವ ಕಿಣ್ವಗಳೂ ಬಿಡುಗಡೆಯಾಗಿ ರಸದಲ್ಲಿ ಬೆರೆಯುತ್ತವೆ. ಅವನ್ನು ತಡೆಯದಿದ್ದರೆ, ಪ್ರೋಟೀನು ಶುದ್ಧವಾಗಿ ಕೈಗೆ ಬರುವಷ್ಟರಲ್ಲಿ ಅದರ ಮೇಲಿನ ಅಂಕಿತ ಹೋಗಿರುತ್ತದೆ. ಹಳೆಯ ತಾಮ್ರಪಟವನ್ನು ಹುಳಿ ಹಾಕಿ ತಿಕ್ಕಿ ತೊಳೆದು ಆಮೇಲೆ ಅಕ್ಷರ ಕಾಣುತ್ತಿಲ್ಲವೆಂದು ಹೇಳಿದಂತೆ. ಸೋಸುಕಾಗದದ ಕಲ್ಮಷವೂ ಹಳಸಿದ ದ್ರಾವಣವೂ ದಾರಿ ತೋರಿದುದು ಬರಿಯ ಅದೃಷ್ಟವೆಂದು ನಾವು ಒಪ್ಪಲಾರೆವು. ವಿಧಾನವು ಯಾವುದನ್ನು ಮರೆಮಾಡುತ್ತಿತ್ತೋ ಅದು ವಿಧಾನ ಕೆಟ್ಟಾಗ ಕಾಣಿಸಿಕೊಂಡಿತು. ಕೆಟ್ಟುದನ್ನು ಚೆಲ್ಲದೆ ಕಾರಣವನ್ನು ಕೇಳಿದುದು ಆ ವಿದ್ವಾಂಸರ ಹಿರಿಮೆ.

ಮೇಲೆ ‘ಇನ್ನೊಂದು ಗುರುತು’ ಎಂದೆವಷ್ಟೆ. ಅದರ ಚರಿತ್ರೆ ತಪ್ಪಿನಿಂದಲೇ ಆರಂಭವಾಗುತ್ತದೆ. ೧೯೭೫ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೈನ್ ಎಂಬವರು ಥೈಮಸ್ ಗ್ರಂಥಿಯ ಹಾರ್ಮೋನುಗಳನ್ನು ಅರಸುತ್ತ ದನದ ಥೈಮಸ್ಸಿನಿಂದ ಒಂದು ಸಣ್ಣ ಪ್ರೋಟೀನನ್ನು ಬೇರ್ಪಡಿಸಿದರು. ಅದು ರೋಗನಿರೋಧಕ ಕೋಶಗಳನ್ನು ಪಕ್ವಗೊಳಿಸುತ್ತದೆಂದು ಅವರ ಪ್ರಯೋಗಗಳಲ್ಲಿ ಕಂಡಿತು. ಹುಡುಕಿದ ಎಲ್ಲ ಜೀವಿಗಳಲ್ಲಿಯೂ ಅದು ಸಿಕ್ಕಿತು. ಸರ್ವತ್ರ ಇರುವುದೆಂಬ ಅರ್ಥದಲ್ಲಿ ಅದಕ್ಕೆ ಯೂಬಿಕ್ವಿಟಿನ್ ಎಂಬ ಹೆಸರಾಯಿತು. ಅದರಲ್ಲಿರುವುದು ೭೬ ಅಮೈನೋ ಆಮ್ಲಗಳು. ಆದರೆ ಅದಕ್ಕೆ ಆರೋಪಿಸಿದ ರೋಗನಿರೋಧಕ ಗುಣವು ಮಾದರಿಯಲ್ಲಿ ಬೆರೆತಿದ್ದ ಬ್ಯಾಕ್ಟೀರಿಯಾ ವಿಷದ್ದೆಂದು ಬಳಿಕ ತಿಳಿದು, ಆ ಮಾತು ಅಲ್ಲಿಗೇ ನಿಂತಿತು. ಇತ್ತ ಇಸ್ರೇಲಿನ ಹೈಫಾದಲ್ಲಿ ಅವ್ರಾಮ್ ಹರ್ಷ್ಕೊ ಮತ್ತು ಅವರ ಶಿಷ್ಯ ಆರನ್ ಚೀಖನೋವರ್, ಫಿಲಡೆಲ್ಫಿಯಾದ ಅರ್ವಿನ್ ರೋಸ್ ಅವರೊಡಗೂಡಿ, ಬೇಡವಾದ ಪ್ರೋಟೀನುಗಳನ್ನು ಜೀವಕೋಶ ಹೇಗೆ ಒಡೆಯುತ್ತದೆಂಬುದನ್ನು ಶೋಧಿಸುತ್ತಿದ್ದರು. ಒಡೆಯಬೇಕಾದ ಪ್ರೋಟೀನಿಗೆ ಒಂದು ಸಣ್ಣ ಪ್ರೋಟೀನು ಗಟ್ಟಿಯಾಗಿ ಅಂಟಿಕೊಳ್ಳುವುದನ್ನು ೧೯೮೦ರಲ್ಲಿ ಅವರು ವರದಿಮಾಡಿದರು. ಅದೇ ವರ್ಷ ಕೀತ್ ವಿಲ್ಕಿನ್ಸನ್, ಮೈಕೆಲ್ ಅರ್ಬನ್, ಆರ್ಥರ್ ಹಾಸ್ ಎಂಬ ಮೂವರು ಆ ಸಣ್ಣ ಪ್ರೋಟೀನು ಗೋಲ್ಡ್‌ಸ್ಟೈನರ ಯೂಬಿಕ್ವಿಟಿನ್ನೇ ಎಂದು ಗುರುತಿಸಿದರು. ೨೦೦೪ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಹರ್ಷ್ಕೊ, ಚೀಖನೋವರ್, ರೋಸ್ ಅವರಿಗೆ ಸಂದಿತು.

ಆರ್ಥರ್ ಹಾಸ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಇಂಟರ್‌ಫೆರಾನ್ ಸೋಕಿದ ಜೀವಕೋಶಗಳಲ್ಲಿ ಹೊಸದಾಗಿ ಹೇರಳವಾಗಿ ಉಂಟಾಗುವ ಸಣ್ಣ ಪ್ರೋಟೀನೊಂದನ್ನು ಯೇಲ್ ವಿಶ್ವವಿದ್ಯಾಲಯದ ಪೀಟರ್ ಲೆಂಗ್ಯೆಲ್ ಮತ್ತು ಸಂಗಡಿಗರು ೧೯೭೯ರಲ್ಲಿಯೇ ವರದಿಮಾಡಿದ್ದರು. ಏನು ಮಾಡುತ್ತದೆಂದು ತಿಳಿಯದೆ ಅದು ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿದಿತ್ತು. ೧೯೮೭ರಲ್ಲಿ ಹಾಸ್ ಮತ್ತು ಅವರ ಜೊತೆಗಾರರು ಅದರ ರಚನೆಯಲ್ಲಿ ಯೂಬಿಕ್ವಿಟಿನ್ನಿನ ಹೋಲಿಕೆಯನ್ನು ಕಂಡರು, ಎರಡು ಯೂಬಿಕ್ವಿಟಿನ್ನುಗಳನ್ನು ಒಂದರ ಹಿಂದೊಂದು ಜೋಡಿಸಿದಂತೆ. ಅದೂ ಇತರ ಪ್ರೋಟೀನುಗಳಿಗೆ ಅಂಟುತ್ತದೆಂಬುದನ್ನು ೧೯೯೨ರಲ್ಲಿ ಹಾಸ್ ಅವರೇ ತೋರಿಸಿದರು. ಇಂದು ಅದನ್ನು ಐ.ಎಸ್.ಜಿ. ೧೫ ಎನ್ನುತ್ತಾರೆ. ಎರಡು ಶಾಸ್ತ್ರಗಳ ನಡುವಣ ಗೋಡೆಯನ್ನು ದಾಟಿದುದು ಇಲ್ಲಿ ಒಂದು ಸಿದ್ಧಾಂತವಲ್ಲ. ಎರಡು ಕಡೆಯ ಸಾಮಗ್ರಿಯನ್ನೂ ಕಂಡಿದ್ದ ಒಬ್ಬ ಮನುಷ್ಯ. ಬಹುಮಾನಗಳ ಪಟ್ಟಿಯಲ್ಲಿ ಇಂಥವರ ಹೆಸರು ಬರುವುದಿಲ್ಲ, ಆದರೆ ಚರಿತ್ರೆಯ ಪುಟದಲ್ಲಿ ಬರದಿರುವುದು ಅನುಚಿತ.

ಯೂಬಿಕ್ವಿಟಿನ್ ಅಂಟಿತೆಂದರೆ ಪ್ರೋಟೀನಿಗೆ ಮರಣದಂಡನೆ ಎಂಬ ತಿಳಿವಳಿಕೆ ಬಹುಕಾಲ ನಡೆದುಬಂತು. ಯೂಬಿಕ್ವಿಟಿನ್ನುಗಳು ಒಂದಕ್ಕೊಂದು ಸರಪಣಿಯಾಗಿ ಕೂಡಬಲ್ಲವು, ಕೂಡುವ ಕೊಂಡಿ ಯಾವುದೆಂಬುದರ ಮೇಲೆ ಅರ್ಥ ಬದಲಾಗುತ್ತದೆ. ೪೮ನೆಯ ಅಮೈನೋ ಆಮ್ಲದ ಮೂಲಕ ಕೂಡಿದರೆ ನಾಶ. ೬೩ನೆಯದರ ಮೂಲಕ ಕೂಡಿದರೆ ನಾಶವಲ್ಲ, ಅದು ಸಂದೇಶವನ್ನು ಮುಂದಕ್ಕೆ ಸಾಗಿಸುವ ಕಟ್ಟೆಯಾಗುತ್ತದೆಂದು ಡಲ್ಲಾಸಿನ ಝಿಜಿಯನ್ ಚೆನ್ ಮತ್ತು ಜೊತೆಗಾರರು ೨೦೦೦ದಲ್ಲಿ ತೋರಿಸಿದರು. ಗೋಲ್ಡ್‌ಸ್ಟೈನರು ೧೯೭೫ರಲ್ಲಿ ತಪ್ಪು ಕಾರಣದಿಂದ ಹೇಳಿದ ಮಾತು, ಎಂದರೆ ಈ ಪ್ರೋಟೀನಿಗೂ ರೋಗನಿರೋಧಕ್ಕೂ ಸಂಬಂಧವುಂಟೆಂಬ ಮಾತು, ಕಾಲು ಶತಮಾನದ ಮೇಲೆ ಬೇರೆ ಅರ್ಥದಲ್ಲಿ ನಿಜವಾಯಿತು.

ವೈರಸ್ಸಿನ ಆರ್.ಎನ್.ಎ.ಯನ್ನು ಜೀವಕೋಶದ ಒಳಗೆ ಮೊದಲು ಗುರುತಿಸುವ ಕಾವಲುಗಾರ ಪ್ರೋಟೀನು ಯಾವುದೆಂಬ ಪ್ರಶ್ನೆಗೆ ಉತ್ತರ ಬಂದುದು ೨೦೦೪ರಲ್ಲಿ, ಜಪಾನಿನ ತಕಾಶಿ ಫುಜಿತಾ ಮತ್ತು ಸಂಗಡಿಗರಿಂದ. ಅದಕ್ಕೆ ರಿಗ್ ಒಂದು ಎಂದು ಹೆಸರು. ಸ್ಥಳನಾಮಗಳಲ್ಲಿ ಹಳೆಯ ಚರಿತ್ರೆ ಅಡಗಿರುವಂತೆ ಈ ಹೆಸರುಗಳಲ್ಲಿಯೂ ಅಡಗಿದೆ. ಜೀವಸತ್ತ್ವ ‘ಎ’ಗೆ ಸಂಬಂಧಿಸಿದ ರೆಟಿನೋಯಿಕ್ ಆಮ್ಲವು ಎಚ್ಚರಿಸುವ ಜೀನು ಎಂಬುದು ಅದರ ವಿಸ್ತಾರ, ರಕ್ತದ ಕ್ಯಾನ್ಸರಿನ ಕೋಶಗಳಲ್ಲಿ ಅದನ್ನು ಮೊದಲು ಕಂಡವರಿಗೆ ವೈರಸ್ಸಿನ ಯೋಚನೆಯಿರಲಿಲ್ಲ. ಕಾವಲುಗಾರನ ಕೂಗನ್ನು ಕೇಳಿ ಮುಂದಕ್ಕೆ ಸಾಗಿಸುವ ಪ್ರೋಟೀನನ್ನು ೨೦೦೫ರಲ್ಲಿ ನಾಲ್ಕು ಪ್ರಯೋಗಾಲಯಗಳು ಪ್ರತ್ಯೇಕವಾಗಿ ಕಂಡು ನಾಲ್ಕು ಹೆಸರುಗಳನ್ನಿಟ್ಟವು. ರಿಗ್ ಒಂದರ ಮೇಲೆ ಶಾಂತಸ್ಥಿತಿಯಲ್ಲಿ ಫಾಸ್ಫೇಟು ಇರುತ್ತದೆ, ಅದೇ ಅದರ ಬಾಯಿಗೆ ಹಾಕಿದ ಬೀಗ. ಸೋಂಕು ತಗಲಿದಾಗ ಫಾಸ್ಫೇಟು ಅಳಿಸಿಹೋಗಿ, ಯೂಬಿಕ್ವಿಟಿನ್ ಸರಪಣಿ ಬಂದು ಕೂಡುತ್ತದೆ. ಒಂದು ಅಂಕಿತವನ್ನು ತೆಗೆದು ಇನ್ನೊಂದನ್ನು ಇಟ್ಟಂತೆ.

ಈ ಸರಪಣಿಯನ್ನು ಇಡುವವರು ಯಾರು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ೨೦೦೭ರಲ್ಲಿ ಮಿಷೇಲಾ ಗಾಕ್ ಮೊದಲಾದವರು ಅದು ಟ್ರಿಮ್ ೨೫ ಎಂಬ ಕಿಣ್ವವೆಂದು ವಾದಿಸಿದರು. ಹತ್ತು ವರ್ಷಗಳಿಗೂ ಮಿಕ್ಕಿ ಪಠ್ಯಗಳ ಚಿತ್ರಗಳಲ್ಲಿ ಅದೇ ಇತ್ತು. ಜಪಾನಿನ ಮತ್ತೊಂದು ತಂಡ ೨೦೦೯ರಲ್ಲಿ ರಿಪ್ಲೆಟ್ ಎಂಬ ಬೇರೊಂದು ಕಿಣ್ವವನ್ನು ಮುಂದಿಟ್ಟಿತ್ತು. ೨೦೧೯ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಟ್ರಿಮ್ ೨೫ ಇಲ್ಲದ ಜೀವಕೋಶಗಳೂ ರಿಗ್ ಒಂದರ ಮೂಲಕ ವೈರಸ್ಸಿಗೆ ಉತ್ತರ ಕೊಟ್ಟವು, ರಿಪ್ಲೆಟ್ ಇಲ್ಲದವು ಕೊಡಲಿಲ್ಲ. ಆದುದರಿಂದ ರಿಪ್ಲೆಟ್ಟಿನ ಪಕ್ಷ ಬಲವಾದುದೆಂದು ನಮಗೆ ತೋರುತ್ತದೆ. ಟ್ರಿಮ್ ೨೫ ಬೇರೆ ರೀತಿಯಲ್ಲಿ ವೈರಸ್ಸನ್ನು ತಡೆಯುವುದೂ ಅಲ್ಲಗಳೆಯತಕ್ಕದ್ದಲ್ಲ. ಪಠ್ಯದ ಚಿತ್ರವನ್ನು ಬಾಯಿಪಾಠ ಮಾಡಿಸುವ ಅಧ್ಯಾಪಕರು ಇದನ್ನು ಒಮ್ಮೆ ತರಗತಿಯಲ್ಲಿ ಹೇಳಿದರೆ ಒಳಿತು.

ಈ ಅಂಕಿತಗಳು ಎಷ್ಟು ಮುಖ್ಯವಾದುವೆಂಬುದಕ್ಕೆ ಪ್ರಬಲವಾದ ಸಾಕ್ಷ್ಯ ವೈರಸ್ಸುಗಳದೇ. ಶತ್ರುವು ಯಾವ ಬಾಗಿಲನ್ನು ಒಡೆಯುತ್ತಾನೋ ಆ ಬಾಗಿಲಿನಲ್ಲಿ ಕೋಟೆಯ ಬಲ ಇದ್ದಿರಬೇಕಷ್ಟೆ. ೧೯೫೭ನೆಯ ಇಸವಿಯಲ್ಲಿಯೇ, ಮಿಲ್ ಹಿಲ್‌ನ ಪ್ರಬಂಧಗಳು ಹೊರಬಂದ ವರ್ಷ, ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರು ಜ್ವರದಲ್ಲಿ ಬಿದ್ದರು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಮಂಗನ ಕಾಯಿಲೆಯ ಆ ವೈರಸ್ಸು ಉಣ್ಣೆಗಳಿಂದ ಹರಡುವ ಒಂದು ಕುಲಕ್ಕೆ ಸೇರಿದುದು. ಅದೇ ಕುಲದ ಲಂಗಾಟ್ ವೈರಸ್ಸನ್ನು ಅಮೆರಿಕದ ಮೊಂಟಾನಾದಲ್ಲಿ ಸೋನ್ಯಾ ಬೆಸ್ಟ್ ಮತ್ತು ಸಂಗಡಿಗರು ೨೦೦೫ರಲ್ಲಿ ಪರೀಕ್ಷಿಸಿದಾಗ ಕಂಡುದು ಇದು: ಅದರ ಒಂದು ಪ್ರೋಟೀನು ಜಾಕ್ ಕಿಣ್ವಗಳ ಹಾದಿಗೆ ಅಡ್ಡ ನಿಂತು, ಡಾರ್ನೆಲ್ ಕಂಡ ಆ ಟೈರೋಸಿನ್ ಗುರುತು ಬೀಳದಂತೆ ತಡೆಯುತ್ತದೆ. ಇಂಟರ್‌ಫೆರಾನ್ ಬಾಗಿಲಿಗೆ ಬರುತ್ತದೆ, ಒಳಗೆ ಅಪ್ಪಣೆಗೆ ಅಂಕಿತವೇ ಬೀಳುವುದಿಲ್ಲ. ಹೆಪಟೈಟಿಸ್ ಸಿ ವೈರಸ್ಸಿನ ಕ್ರಮ ಇದಕ್ಕಿಂತ ಒರಟು. ೨೦೦೫ರ ನಾಲ್ಕು ಹೆಸರಿನ ಪ್ರೋಟೀನನ್ನು ಅದು ಕತ್ತರಿಸಿಯೇ ಹಾಕುತ್ತದೆ. ೨೦೧೯ರ ಕೊನೆಯಲ್ಲಿ ತಲೆದೋರಿದ ಕೊರೋನಾ ವೈರಸ್ಸಿನಲ್ಲಿ ಒಂದು ಕಿಣ್ವವಿದೆ. ತನ್ನ ಉದ್ದನೆಯ ಪ್ರೋಟೀನನ್ನು ತುಂಡರಿಸಿಕೊಳ್ಳುವುದು ಅದರ ಸ್ವಂತ ಕೆಲಸ. ಅದೇ ಕಿಣ್ವವು ಜೀವಕೋಶದ ಪ್ರೋಟೀನುಗಳ ಮೇಲಿಂದ ಐ.ಎಸ್.ಜಿ. ೧೫ ಗುರುತನ್ನು ಕಿತ್ತುಹಾಕುವುದನ್ನು ೨೦೨೦ರಲ್ಲಿ ಫ್ರಾಂಕ್‌ಫರ್ಟಿನ ಇವಾನ್ ಡಿಕಿಚ್ ಅವರ ತಂಡ ತೋರಿಸಿತು. ೨೦೦೨–೦೩ರ ಸಾರ್ಸ್ ವೈರಸ್ಸಿನಲ್ಲಿ ಇದಕ್ಕೆ ಸಮಾನವಾದ ಕಿಣ್ವ ಹೆಚ್ಚಾಗಿ ಯೂಬಿಕ್ವಿಟಿನ್ನಿನ ಮೇಲೆ ಬೀಳುತ್ತಿತ್ತು, ಹೊಸದು ಐ.ಎಸ್.ಜಿ. ೧೫ರ ಮೇಲೆ.

ಇಲ್ಲಿಯವರೆಗೆ ಹೇಳಿದುದನ್ನು ನೋಡಿದರೆ ಗುರುತು ಬಿದ್ದಷ್ಟೂ ಒಳ್ಳೆಯದು, ಅಳಿದಷ್ಟೂ ಕೆಟ್ಟದು ಎಂದು ತೋರಬಹುದು. ಬಹುಕಾಲ ವಿದ್ವಾಂಸರ ಭಾವನೆಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ೨೦೦೦ದಲ್ಲಿ, ಯೂಬಿಕ್ವಿಟಿನ್ ಗುರುತುಗಳನ್ನು ತಿದ್ದಿ ಅಳಿಸುವ ಎ ೨೦ ಎಂಬ ಪ್ರೋಟೀನಿಲ್ಲದ ಇಲಿಮರಿಗಳನ್ನು ಬೆಳೆಸಿದಾಗ ಅವು ಎಳವೆಯಲ್ಲಿಯೇ ಮೈತುಂಬ ಉರಿಯೂತವಾಗಿ ಸತ್ತವು. ಎಚ್ಚರಿಕೆಯ ಗಂಟೆ ಒಮ್ಮೆ ಬಾರಿಸತೊಡಗಿದ್ದು ನಿಲ್ಲಲೇ ಇಲ್ಲ. ಕೊರೋನಾ ಕಾಲದಲ್ಲಿ ಇದನ್ನೇ ಮನುಷ್ಯರಲ್ಲಿ ಕಾಣಬೇಕಾಯಿತು. ಜಾಕ್ ಕಿಣ್ವಗಳು ಗುರುತಿಡದಂತೆ ತಡೆಯುವ ಬಾರಿಸಿಟಿನಿಬ್ ಎಂಬ ಮಾತ್ರೆ ಕೀಲುವಾತಕ್ಕೆಂದು ತಯಾರಾದುದು. ತೀವ್ರ ಸ್ಥಿತಿಯ ಕೋವಿಡ್ ರೋಗಿಗಳಿಗೆ ಅದನ್ನು ಕೊಡಬಹುದೆಂದು ೨೦೨೨ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಸೋಂಕಿನ ಮೊದಲ ದಿನಗಳಲ್ಲಿ ವೈರಸ್ಸು ಮಾಡುವ ಕೆಲಸವನ್ನೇ, ಎಂದರೆ ಅಂಕಿತವನ್ನು ತಡೆಯುವುದನ್ನೇ, ಕೊನೆಯ ದಿನಗಳಲ್ಲಿ ವೈದ್ಯನು ಪ್ರಾಣ ಉಳಿಸುವುದಕ್ಕಾಗಿ ಮಾಡಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ ಬಂದುದು ಐ.ಎಸ್.ಜಿ. ೧೫ರ ವಿಷಯದಲ್ಲಿಯೇ. ಈ ಪ್ರೋಟೀನಿಲ್ಲದ ಇಲಿಗಳು ಇನ್‌ಫ್ಲುಯೆಂಜಾ ಮೊದಲಾದ ವೈರಸ್ಸುಗಳಿಗೆ ಸುಲಭವಾಗಿ ತುತ್ತಾಗುವುದು ೨೦೦೭ರಲ್ಲಿ ಪ್ರಕಟವಾಗಿತ್ತು. ಮನುಷ್ಯರಲ್ಲಿಯೂ ಹಾಗೆಯೇ ಇರಬೇಕೆಂದು ಎಲ್ಲರೂ ಎಣಿಸಿದ್ದರು. ೨೦೧೨ರಲ್ಲಿ ದುಶಾನ್ ಬೊಗುನೊವಿಚ್ ಮತ್ತು ಸಂಗಡಿಗರು, ಹುಟ್ಟಿನಿಂದಲೇ ಈ ಪ್ರೋಟೀನಿಲ್ಲದ ಮೂವರನ್ನು ತುರ್ಕಿ ಮತ್ತು ಇರಾನ್ ದೇಶಗಳ ಕುಟುಂಬಗಳಲ್ಲಿ ಕಂಡರು. ಅವರನ್ನು ಆಸ್ಪತ್ರೆಗೆ ತಂದುದು ವೈರಸ್ಸಲ್ಲ. ಕ್ಷಯದ ವಿರುದ್ಧ ಎಲ್ಲ ಮಕ್ಕಳಿಗೂ ಹಾಕುವ ಬಿ.ಸಿ.ಜಿ. ಲಸಿಕೆಯ ದುರ್ಬಲವಾದ ಬ್ಯಾಕ್ಟೀರಿಯವೇ ಅವರ ಮೈಯಲ್ಲಿ ರೋಗವಾಗಿ ಬೆಳೆದಿತ್ತು. ಐ.ಎಸ್.ಜಿ. ೧೫ ಜೀವಕೋಶದ ಹೊರಕ್ಕೂ ಬಂದು ಬೇರೆ ಕೋಶಗಳಿಗೆ ಬ್ಯಾಕ್ಟೀರಿಯದ ವಿರುದ್ಧ ಸಂದೇಶ ಕೊಡುತ್ತದೆಂಬುದು ಇದರಿಂದ ದೃಢಪಟ್ಟಿತು. ವೈರಸ್ಸುಗಳನ್ನಾದರೋ ಅವರ ದೇಹ ಎಲ್ಲರಂತೆ ತಾಳಿಕೊಂಡಿತ್ತು. ಕಾರಣ ೨೦೧೫ರಲ್ಲಿ ತಿಳಿಯಿತು. ಮನುಷ್ಯನ ಜೀವಕೋಶದಲ್ಲಿ ಐ.ಎಸ್.ಜಿ. ೧೫ ಮಾಡುವ ಮುಖ್ಯ ಕೆಲಸವೆಂದರೆ, ಇಂಟರ್‌ಫೆರಾನಿನ ಹಾದಿಯನ್ನು ಹಿಡಿದು ನಿಲ್ಲಿಸುವ ಯು.ಎಸ್.ಪಿ. ೧೮ ಎಂಬ ಪ್ರೋಟೀನು ನಾಶವಾಗದಂತೆ ಕಾಪಾಡುವುದು. ಅದಿಲ್ಲದವರಲ್ಲಿ ಇಂಟರ್‌ಫೆರಾನಿನ ಉತ್ತರ ತಗ್ಗದೆ ನಿಂತೇ ಇರುತ್ತದೆ. ಆ ಮಕ್ಕಳಲ್ಲಿ ಕೆಲವರ ಮಿದುಳಿನಲ್ಲಿ ಸುಣ್ಣಗಟ್ಟಿದ ಕಲೆಗಳು ಕಂಡುಬಂದುವು. ೧೯೭೯ರಿಂದ ವೈರಸ್ಸಿನ ವಿರುದ್ಧದ ಆಯುಧವೆಂದು ಪಟ್ಟಿಯಲ್ಲಿ ಬರೆದಿದ್ದುದನ್ನು ಮೂವತ್ತಾರು ವರ್ಷಗಳ ಮೇಲೆ, ಮನುಷ್ಯರ ಮಟ್ಟಿಗೆ, ಆಯುಧವನ್ನು ಒರೆಗೆ ಸೇರಿಸುವ ಕೈಯೆಂದು ತಿದ್ದಿ ಬರೆಯಬೇಕಾಯಿತು.